ಕಂಬ ಕಿತ್ತವರು ಯಾರು?

ಹಾಸ್ಟೆಲ್ಲಿನ ಗೆಳೆಯರೇ,

ಏಪ್ರಿಲ್ 14ಕ್ಕೆ ಊರಿಗೆ ಹೋಗ್ತೀರಿ. ಚಂದಾ ಎತ್ತಿ, ಹಲಗೆ ಕೊಯ್ಯಿಸಿ, ನೀಲಿ ಬಳಿದು, ಬಾಬಾಸಾಹೇಬರ ಹೆಸರು ಬರೆಸಿ ಕೇರಿಯ ಬಾಯಲ್ಲಿ ಬೋರ್ಡು ನಿಲ್ಲಿಸ್ತೀರಿ. ಆಷಾಢದ ಗಾಳಿಗೆ ಅದು ಮಕಾಡೆ ಬೀಳುತ್ತೆ. ಬೆಳಿಗ್ಗೆ ಕೇರಿಗೆಲ್ಲಾ ಒಂದೇ ಮಾತು: ‘ಮೇಲಿನ ಬೀದಿಯೋರು ಕಿತ್ತಾಕವ್ರೆ.’

ನಿಜವಾಗಿ ಕೀಳೋರೂ ಇದ್ದಾರೆ, ಅದನ್ನ ನಿಮಗೆ ಹೇಳಬೇಕಾಗಿಲ್ಲ. ಆದರೆ ನಮ್ಮ ಕೇರಿಯಲ್ಲಿ ಬಿದ್ದ ಕಂಬವನ್ನ ನಾನೇ ಎತ್ತಿ ನೋಡಿದೆ. ಒಂದೂವರೆ ಅಡಿಯೂ ಹೂಳಿರಲಿಲ್ಲ. ಬುಡ ಗೆದ್ದಲು ತಿಂದು ಬೆಂಡಾಗಿತ್ತು. ಅಷ್ಟು ಹೊತ್ತಿಗೆ ಎರಡೂ ಕಡೆ ಕೈಗೆ ಕಲ್ಲು ಬಂದಿತ್ತು, ಪೊಲೀಸ್ ಜೀಪೂ ಬಂದಿತ್ತು. ಕೇಸು ಬಿದ್ದಿದ್ದರೆ ಯಾರ ಮೇಲೆ? ಕಾಲೇಜು ಸೇರಬೇಕಾಗಿದ್ದ ನಮ್ಮ ಹುಡುಗರ ಮೇಲೆ.

ನಾಚಿಕೆ ಆಗಬೇಕು ನಮಗೆ. ಈ ಸೀಮೆಯಲ್ಲಿ ಗುಂಡಿ ತೋಡಿದವರು ಯಾರು? ಜಾತ್ರೆ ಚಪ್ಪರದ ಗುಂಡಿ, ಗೌಡರ ಬೇಲಿಗೂಟದ ಗುಂಡಿ, ಹೆಣದ ಗುಂಡಿ, ಎಲ್ಲಾ ನಮ್ಮ ತಾತಂದಿರ ಹಾರೆಯದು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆ, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಹನೂರೂ ಬೇರೆ ತಾಲ್ಲೂಕಾಯಿತು. ಸರ್ಕಾರದ ಬೋರ್ಡು ಬದಲಾಯಿತೇ ಹೊರತು ಗುಂಡಿ ತೋಡೋ ಕೈ ಬದಲಾಗಲಿಲ್ಲ. ಆ ಕೈಯ ವಿದ್ಯೆ ಕೇಳೋಕೆ ಪ್ಯಾಂಟು ಹಾಕಿದ ನಮಗೆ ಅವಮಾನ! ಹಾರಕ್ಕೆ, ಮೈಕ್‌ಸೆಟ್ಟಿಗೆ ದುಡ್ಡು ಸುರೀತೀವಿ. ಮಣ್ಣೊಳಗೆ ಹೋಗೋದಕ್ಕೆ ಬಿಡಿಗಾಸಿಲ್ಲ. ಮುಖಂಡರ ಫೋಟೋದಲ್ಲಿ ಅದು ಕಾಣಲ್ಲವಲ್ಲ.

ನಮ್ಮ ತಾತ ಅಂದದ್ದು ಇಷ್ಟೇ: ‘ಮೂರರಲ್ಲಿ ಒಂದು ಪಾಲು ಭೂಮ್ತಾಯಿಗೆ ಕೊಡು ಮಗ.’ ಒಂಬತ್ತಡಿ ಕಂಬಕ್ಕೆ ಮೂರಡಿ ಒಳಗೆ. ಗುಂಡಿ ಮೂರೂವರೆ ಅಡಿ ತೋಡಿ, ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ, ನೀರು ಇಂಗಲಿ. ಅಗಲ ಕಂಬದ ದಪ್ಪದ ಮೂರರಷ್ಟು. ಬುಡಕ್ಕೆ ಡಾಂಬರು ಬಳಿದು ಒಣಗಿಸಿ. ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ. ಮಣ್ಣು ಅರ್ಧರ್ಧ ಅಡಿ ಹಾಕುತ್ತಾ ಗುದ್ದಬೇಕು. ಒಂದೇ ಸಲ ತುಂಬಿದರೆ ಒಳಗೆಲ್ಲಾ ಪೊಳ್ಳು. ಎರೆಮಣ್ಣಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಂಬ ಸಡಿಲವಾಗುತ್ತೆ, ಅಲ್ಲಿ ಕಾಂಕ್ರೀಟೇ ಸರಿ. ಬುಡದ ಸುತ್ತ ನೀರು ನಿಲ್ಲದ ಹಾಗೆ ಇಳಿಜಾರು ಕೊಡಿ.

ಕಾಡು ಹತ್ತಿರ ಇದೆ ಅಂತ ರಾತ್ರಿ ಮರ ತರಬೇಡಿ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ 2013ರಿಂದ ವನ್ಯಧಾಮ. ಒಂದು ದಿಮ್ಮಿ ಸಾಕು ಕೇಸು ಜಡಿಯೋಕೆ. ಸಾಮಿಲ್ಲಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ.

ಬೋರ್ಡನ್ನೂ ರಾತ್ರೋರಾತ್ರಿ ನೆಡೋದು ಬೇಡ. ‘ರಸ್ತೆ ನಮ್ಮದೂ ಹೌದು, ಪರ್ಮಿಷನ್ ಯಾಕೆ?’ ಅಂತ ಕೆಲವರು ಎಗರಾಡ್ತಾರೆ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಹೋದದ್ದು ಹಾಡುಹಗಲಲ್ಲಿ. ಕೆರೆ ಎಲ್ಲರಿಗೂ ಅನ್ನೋ ಪುರಸಭೆಯ ನಿರ್ಣಯ 1924ರಲ್ಲೇ ಆಗಿತ್ತು. ಕಾಗದದಲ್ಲಿ ಕೊಳೀತಿದ್ದದ್ದನ್ನ ಅವರು ನೀರಿಗಿಳಿಸಿದರು. ನಮ್ಮ ಕೈಲೂ ಒಂದು ಕಾಗದ ಇರಲಿ. ಪಂಚಾಯ್ತಿಗೆ ಅರ್ಜಿ ಫೆಬ್ರವರಿಯಲ್ಲೇ ಕೊಡಿ, ಎರಡು ಪ್ರತಿ, ಒಂದಕ್ಕೆ ಸೀಲು ಸಹಿ ಹಾಕಿಸಿಕೊಂಡೇ ಎದ್ದು ಬನ್ನಿ. ಹೆದ್ದಾರಿ ಬದಿಯಾದರೆ ಲೋಕೋಪಯೋಗಿ ಇಲಾಖೆಗೂ ಒಂದು. ನಿರ್ಣಯದ ನಕಲು ಬಂದ ದಿನ, ಊರೆಲ್ಲಾ ನೋಡೋ ಹೊತ್ತಲ್ಲಿ, ಹಾರೆ ಹಿಡಿದ ತಾತಂದಿರನ್ನ ಮುಂದೆ ಬಿಟ್ಟುಕೊಂಡು ಗುಂಡಿ ತೋಡಿ.