ಗಡ್ಡ ರಾಕಿ ಭಾಯ್‌ದು, ತುರಿಕೆ ನಮ್ಮದು

ಈಗ ಊರಿನ ಕಟ್ಟೆ ಮೇಲೆ ಕೂತ ಹುಡುಗರನ್ನು ನೋಡಿದರೆ ಯಾರು ಯಾರ ಮಗ ಅಂತ ಗುರುತೇ ಸಿಗುವುದಿಲ್ಲ. ಎಲ್ಲರ ಮುಖದಲ್ಲೂ ಒಂದೇ ಗಡ್ಡ. 2018ರ ಡಿಸೆಂಬರ್‌ನಲ್ಲಿ ಕೆಜಿಎಫ್ ಬಂತು, 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ ಬಂತು. ಸಿನಿಮಾ ಟಾಕೀಸಿನಿಂದ ಹೋಯಿತು, ಗಡ್ಡ ಮಾತ್ರ ಊರಲ್ಲೇ ಉಳಿಯಿತು.

ಮೊದಲೇ ಹೇಳಿಬಿಡುತ್ತೇವೆ. ಧರ್ಮಕ್ಕಾಗಿ ಗಡ್ಡ ಬಿಟ್ಟವರು, ಮಾಲೆ ಹಾಕಿದವರು, ಹರಕೆ ಹೊತ್ತವರು, ಹೆಂಡತಿ ಬಸುರಿ ಅಂತ ಮುಖಕ್ಕೆ ಕತ್ತಿ ತಾಗಿಸದವರು, ಇವರ್ಯಾರ ಜೊತೆಗೂ ನಮಗೆ ಜಗಳವಿಲ್ಲ. ನಮ್ಮ ಜಗಳ ಶೋಕಿ ಗಡ್ಡದ ಜೊತೆ. ಸಾಲ ಮಾಡಿ ಎಣ್ಣೆ ತಿಕ್ಕಿಸಿಕೊಳ್ಳುವ ಗಡ್ಡದ ಜೊತೆ.

"ಗಡ್ಡ ಬಿಟ್ರೆ ಶೇವಿಂಗ್ ಖರ್ಚು ಉಳೀತದಲ್ರೀ" ಅನ್ನುತ್ತಾರೆ. ಉಳಿಯುವುದಿಲ್ಲ. ಬಿಟ್ಟ ಗಡ್ಡ ಹಾಗೇ ಸುಮ್ಮನೆ ಇರುವುದಿಲ್ಲ. ಅದಕ್ಕೆ ಅಂಚು ಹೊಡೆಸಬೇಕು, ಟ್ರಿಮ್ಮರ್ ಬೇಕು, ಬೇರೆ ಬಾಚಣಿಗೆ ಬೇಕು, ಬಿಯರ್ಡ್ ಆಯಿಲ್ ಬೇಕು. 30 ಮಿಲಿ ಸೀಸೆಗೆ 300 ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಲೀಟರಿಗೆ 10,000 ರೂಪಾಯಿ ಆಯಿತು. ನಾವು ಬೆಳೆದ ಶೇಂಗಾದ ಎಣ್ಣೆಗೆ ಯಾವ ಗಾಣದವನಾದರೂ ಆ ರೇಟು ಕೊಟ್ಟಾನೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ನಗುತ್ತಿದ್ದರು. ಮಲ್ಲಿಗೆಯಾದರೂ ವಾಸನೆ ಕೊಡುತ್ತಿತ್ತು.

ಎಣ್ಣೆ ಕೂದಲನ್ನು ಮೆತ್ತಗೆ ಮಾಡೀತು, ಹೊಸ ಕೂದಲು ಹುಟ್ಟಿಸುವುದಿಲ್ಲ. ಗಡ್ಡ ಎಷ್ಟು ದಟ್ಟ ಬರಬೇಕು ಅನ್ನುವುದು ವಂಶದಿಂದ ಬಂದದ್ದು, ದೇಹದ ಹಾರ್ಮೋನಿನಿಂದ ಬಂದದ್ದು. ಎಷ್ಟೋ ಗಂಡಸರಿಗೆ ಮೂವತ್ತರ ಹತ್ತಿರ ಬಂದ ಮೇಲೆ ಗಡ್ಡ ತುಂಬಿಕೊಳ್ಳುತ್ತದೆ. ಹತ್ತೊಂಬತ್ತಕ್ಕೆ ಅಲ್ಲಲ್ಲಿ ಬೋಳಾಗಿದ್ದರೆ ಅದು ರೋಗವಲ್ಲ. ಆದರೆ ರೀಲ್ಸ್‌ನವರು ಇದನ್ನು ಹೇಳುವುದಿಲ್ಲ, ಹೇಳಿದರೆ ಸೀಸೆ ಮಾರಾಟವಾಗುವುದಿಲ್ಲ. ಅವರು ಹೇಳುವುದು ಮಿನಾಕ್ಸಿಡಿಲ್ ಹಚ್ಚು ಅಂತ.

ಈ ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿ.ಪಿ. ಮಾತ್ರೆಯಾಗಿ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆಯಿತು, ಆಮೇಲೆ ಅದನ್ನೇ ತಲೆಗೆ ಹಚ್ಚುವ ದ್ರವ ಮಾಡಿದರು. ತಲೆಗೆ, ಗಡ್ಡಕ್ಕಲ್ಲ. ಹಚ್ಚಿದ ಕಡೆ ಉರಿ, ತುರಿಕೆ, ಚರ್ಮ ಏಳುವುದು ಮಾಮೂಲಿ. ಕೆಲವರಿಗೆ ಎದೆ ಡವಡವ, ತಲೆಸುತ್ತು. ಹಚ್ಚಿಕೊಂಡವರ ಚರ್ಮ ತಾಗಿ ಎಳೆ ಕೂಸುಗಳ ಮೈತುಂಬಾ ಕೂದಲು ಬೆಳೆದ ಪ್ರಕರಣಗಳು ಯುರೋಪಿನಲ್ಲಿ ವರದಿಯಾಗಿವೆ. ಮಗುವಿಗೆ ಮುತ್ತು ಕೊಡುವ ಕೆನ್ನೆಗೇ ಇದನ್ನು ಬಳಿದುಕೊಳ್ಳುತ್ತಿದ್ದೇವೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು, ಸ್ವಲ್ಪ ನೆಕ್ಕಿದರೂ ಬೆಕ್ಕು ಸಾಯಬಹುದು.

ಪೇಟೆಯ ಗಡ್ಡ ಎ.ಸಿ. ಕೆಳಗೆ ಕೂತಿರುತ್ತದೆ. ನಮ್ಮದು ದನದ ಕೊಟ್ಟಿಗೆಯಲ್ಲಿ. ಕರುಗಳ ಕಣ್ಣಿನ ಸುತ್ತ, ಕುತ್ತಿಗೆ ಮೇಲೆ ದುಂಡಗೆ ಕೂದಲು ಉದುರಿ ಬೂದಿ ಬಣ್ಣದ ಹೆಕ್ಕಳಿಕೆ ಕಟ್ಟಿರುವುದನ್ನು ನೋಡಿದ್ದೀರಲ್ಲ? ಅದು ದನದ ಹುಳುಕಡ್ಡಿ, ಒಂದು ಬಗೆಯ ಬೂಷ್ಟು. ಹಾಲು ಕರೆಯುವಾಗ ಹಸುವಿನ ಪಕ್ಕೆಗೆ ಕೆನ್ನೆ ಆನಿಸುತ್ತೇವೆ, ಕರುವಿನ ಮೈ ಸವರಿದ ಕೈಯಲ್ಲೇ ಗಡ್ಡ ಸವರಿಕೊಳ್ಳುತ್ತೇವೆ. ಅದು ಗಡ್ಡಕ್ಕೆ ದಾಟುತ್ತದೆ. ದಾಟಿದರೆ ಬರೀ ತುರಿಕೆಗೆ ನಿಲ್ಲುವುದಿಲ್ಲ, ಕೀವು ಕಟ್ಟಿದ ಗಡ್ಡೆಗಳಾಗಿ ಊದುತ್ತದೆ, ಕೂದಲು ಕಿತ್ತು ಬರುತ್ತದೆ, ಕೆಲವೊಮ್ಮೆ ಕಲೆ ಉಳಿದು ಆ ಜಾಗದಲ್ಲಿ ಮತ್ತೆ ಕೂದಲೇ ಬರುವುದಿಲ್ಲ. ಬೂಷ್ಟು ಕೂದಲಿನ ಬುಡಕ್ಕೆ ಇಳಿದಿರುವುದರಿಂದ ಮುಲಾಮು ಸಾಲದು, ವಾರಗಟ್ಟಲೆ ಮಾತ್ರೆ ನುಂಗಬೇಕು.

ಬೋಳಿಸಿದ ಮುಖಕ್ಕೂ ಇದು ಬರುತ್ತದೆ, ಒಂದೇ ಬ್ಲೇಡ್ ಹತ್ತು ಜನಕ್ಕೆ ಹಾಕಿದರೂ ಹರಡುತ್ತದೆ. ಇಲ್ಲವೆನ್ನುವುದಿಲ್ಲ. ಆದರೆ ಬೋಳು ಕೆನ್ನೆ ಮೇಲೆ ರೂಪಾಯಿ ಬಿಲ್ಲೆಯಷ್ಟು ಕೆಂಪಾದರೆ ಮರುದಿನವೇ ಮನೆಯವರು ಕೇಳುತ್ತಾರೆ. ಗಡ್ಡದೊಳಗೆ ಅದು ಅಂಗೈಯಷ್ಟು ಆಗುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟರಲ್ಲಿ ನಮ್ಮವರು ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದಿರುತ್ತಾರೆ. ಸಿಗುವುದು ಸ್ಟೀರಾಯ್ಡ್ ಬೆರೆತ ಟ್ಯೂಬು. ಎರಡು ದಿನ ತುರಿಕೆ ನಿಂತ ಹಾಗೆ ಅನಿಸುತ್ತದೆ, ಒಳಗೆ ಬೂಷ್ಟು ಆರಾಮಾಗಿ ಹಬ್ಬುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ನಿಮ್ಮೂರಿನ ಅಂಗಡಿಯಲ್ಲಿ ಎಷ್ಟು ಸಲ ಚೀಟಿ ಕೇಳಿದ್ದಾರೆ, ನೀವೇ ಹೇಳಿ.

ಇನ್ನು ಔಷಧಿ ಹೊಡೆಯುವ ಮಾತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಗಳು ವಿಷ ಸೇರಿ ಸತ್ತರು. ಅವರು ಗಡ್ಡದಿಂದ ಸತ್ತರು ಅಂತ ನಾವು ಹೇಳುತ್ತಿಲ್ಲ. ಆ ಮಂಜು ಏನು ಮಾಡಬಲ್ಲದು ಅಂತ ಹೇಳುತ್ತಿದ್ದೇವೆ. ಅದನ್ನು ತಡೆಯುವ ಮಾಸ್ಕು ಕೆಲಸ ಮಾಡುವುದು ಅಂಚು ಚರ್ಮಕ್ಕೆ ಬಿಗಿಯಾಗಿ ಕೂತಾಗ ಮಾತ್ರ. ನಡುವೆ ಗಡ್ಡ ಬಂದರೆ ಗಾಳಿ ಫಿಲ್ಟರಿನಿಂದ ಬರುವುದಿಲ್ಲ, ಸಂದಿಯಿಂದ ಬರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಮಾಸ್ಕಿನ ಅಂಚು ಕೂರುವ ಜಾಗದಲ್ಲಿ ಗಡ್ಡವಿದ್ದವರಿಗೆ ಬಿಗಿ ಮಾಸ್ಕು ಹಾಕಿ ಕೆಲಸಕ್ಕೆ ಇಳಿಸುವಂತಿಲ್ಲ. ಇಲ್ಲಿ ಮಾಸ್ಕು ಕೊಡುವವರೇ ಕಡಿಮೆ, ಹೆಗಲ ಮೇಲಿನ ಟವೆಲ್ಲೇ ಮಾಸ್ಕು. ಅದಕ್ಕೆ ಗಡ್ಡ ಇದ್ದರೇನು, ಇಲ್ಲದಿದ್ದರೇನು ಅನ್ನಬಹುದು. ಟವೆಲ್ ಬಿಚ್ಚಿ ಹಿಂಡಬಹುದು ಸ್ವಾಮಿ. ಗಡ್ಡದಲ್ಲಿ ಕೂತ ಹನಿ ಮನೆಗೆ ಹೋಗಿ ಸೋಪು ಹಾಕಿ ತೊಳೆಯುವ ತನಕ ಅಲ್ಲೇ ಇರುತ್ತದೆ. ಅಷ್ಟರೊಳಗೆ ಬದುವಿನ ಮೇಲೆ ಕೂತು ಬುತ್ತಿ ಉಂಡಾಗಿರುತ್ತದೆ.

ಕೆಜಿಎಫ್ ಹೆಸರು ಎತ್ತಿದ್ದಕ್ಕೆ ಇದನ್ನೂ ಹೇಳಬೇಕು. ನಿಜವಾದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಇಳಿದು ದುಡಿದವರು ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತರು. ಅವರ ಶ್ವಾಸಕೋಶದ ಕಥೆ ಯಾರ ಸ್ಟೇಟಸ್‌ನಲ್ಲೂ ಇಲ್ಲ, ಹೀರೋನ ಗಡ್ಡ ಎಲ್ಲರ ಸ್ಟೇಟಸ್‌ನಲ್ಲಿದೆ. ಇವತ್ತು ಕಲ್ಲು ಕ್ವಾರಿ, ಕ್ರಷರ್‌ಗೆ ಹೋಗುವ ಹುಡುಗರೂ ಅದೇ ಗಡ್ಡ ಬಿಟ್ಟು ಅದೇ ದೂಳಿಗೆ ಇಳಿಯುತ್ತಿದ್ದಾರೆ.

ಮುಖಕ್ಕೆ ಬಿಸಿಲು ತಾಗುವುದನ್ನು ಗಡ್ಡ ತುಸು ತಡೆಯುತ್ತದೆ, ದಿನಾ ಬ್ಲೇಡ್ ಎಳೆದರೆ ಕೆಲವರಿಗೆ ಗುಳ್ಳೆ ಏಳುತ್ತವೆ, ನಿಜ. ಅಂಥವರು ಟ್ರಿಮ್ಮರ್‌ನಲ್ಲಿ ಸಣ್ಣಗೆ ಮಾಡಿಕೊಳ್ಳಲಿ, ಆದರೆ ಮಾಸ್ಕು ಹಾಕುವ ದಿನ ಅದೂ ಬೇಡ, ಸಣ್ಣ ಮೊಳೆಗಡ್ಡವೂ ಸಂದಿ ಬಿಡುತ್ತದೆ. ಬಿಡಲೇಬೇಕು ಅನ್ನುವವರು ದಿನಾ ಸೋಪು ಹಾಕಿ ಬುಡದ ತನಕ ತೊಳೆದು ಒಣಗಿಸಿ, ತಮ್ಮದೇ ಟವೆಲ್ ಬಳಸಲಿ. ಕೊಟ್ಟಿಗೆಯಲ್ಲಿ ಕರುವಿಗೆ ಹುಳುಕಡ್ಡಿ ಇದ್ದರೆ ಮೊದಲು ಪಶು ಆಸ್ಪತ್ರೆಗೆ ತೋರಿಸಿ. ಗಡ್ಡದಲ್ಲಿ ತುರಿಕೆ, ಗುಳ್ಳೆ ಬಂದರೆ ಮೆಡಿಕಲ್ ಶಾಪ್ ದಾಟಿ ನೇರ ತಾಲೂಕು ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ದನ ಇದೆ ಅಂತ ಡಾಕ್ಟರಿಗೆ ನೀವಾಗೇ ಹೇಳಿ. ಅವರು ಕೇಳದೇ ಇರಬಹುದು.