ಸೇವೆಗೆ ಹೋದವರು ಯಾರ ಮಾತು ಕೇಳಬೇಕು?

ಅಮೆರಿಕ ಮತ್ತು ಯುರೋಪಿನ ಚರ್ಚುಗಳಿಂದ ರಜೆಯ ದಿನಗಳಲ್ಲಿ ಯುವಜನರ ತಂಡಗಳು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯಕ್ಕೆ ಹೋಗುತ್ತವೆ. ಡರ್ಬನ್ನಿನಲ್ಲಿ ವಿಮಾನ ಇಳಿದು, ಗುಡ್ಡಗಳ ಮೇಲೆ ಚದುರಿಕೊಂಡಿರುವ ಜುಲು ಹಳ್ಳಿಗಳಲ್ಲಿ ಒಂದೆರಡು ವಾರ ಉಳಿಯುತ್ತವೆ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ತೋಟಕ್ಕೆ ಬೇಲಿ ಹಾಕುವುದು, ಮಕ್ಕಳಿಗೆ ಬೈಬಲ್ಲಿನ ಕಥೆ ಹೇಳುವುದು, ಭಾನುವಾರ ಆರಾಧನೆಯಲ್ಲಿ ಹಾಡುವುದು ಅವರ ದಿನಚರಿ. ಅವರ ಶ್ರದ್ಧೆಯಲ್ಲಿ ನನಗೆ ಅನುಮಾನವಿಲ್ಲ. ರಜೆಯನ್ನು ಹೇಗೆ ಬೇಕಾದರೂ ಕಳೆಯಬಹುದಾದ ಹದಿಹರೆಯದವರು ಗುರುತಿಲ್ಲದವರ ಊರಿಗೆ ಹೋಗಿ ಸಿಮೆಂಟು ಕಲಸುವುದು ಸಣ್ಣ ಮಾತಲ್ಲ. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ಕೆಲಸ ಆಗಬೇಕೆಂದು ನಿರ್ಧರಿಸಿದವರು ಯಾರು?

ಸೇವೆ ಆ ಹಳ್ಳಿಗಳಿಗೆ ಹೊರಗಿನಿಂದ ಬರಬೇಕಾದದ್ದೇನಲ್ಲ, ಆಗಲೇ ಅಲ್ಲಿದೆ. ಮೆಥಡಿಸ್ಟ್ ಸಭೆಯ ಹೆಂಗಸರು ಕೆಂಪು ಕುಪ್ಪಸ, ಬಿಳಿ ಕಾಲರು, ಕಪ್ಪು ಲಂಗ ತೊಟ್ಟು ಗುರುವಾರ ಪ್ರಾರ್ಥನೆಗೆ ಸೇರುತ್ತಾರೆ. ಇಂಥ ಸಂಘಗಳನ್ನು ಮಾನ್ಯಾನೋ ಎನ್ನುತ್ತಾರೆ. ಬಿಳಿಯರ ಮನೆಗೆಲಸಕ್ಕೆ ಹೋಗುತ್ತಿದ್ದ ಹೆಂಗಸರಿಗೆ ಬಿಡುವು ಸಿಗುತ್ತಿದ್ದದ್ದು ಗುರುವಾರ ಮಧ್ಯಾಹ್ನ. ಆ ಬಿಡುವನ್ನೇ ಅವರು ಪ್ರಾರ್ಥನೆಗೆ ಇಟ್ಟುಕೊಂಡರು. ಕಾಯಿಲೆ ಬಿದ್ದವರ ಮನೆಗೆ ಹೋಗುವುದು, ಸಾವಿನ ಮನೆಯಲ್ಲಿ ರಾತ್ರಿಯಿಡೀ ಜೊತೆಗಿರುವುದು, ಹಣ ಕೂಡಿಸುವುದು ಈ ಸಂಘಗಳ ಕೆಲಸ. 2017ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ಪ್ರಾಂತ್ಯದಲ್ಲಿ 15ರಿಂದ 49ರ ವಯಸ್ಸಿನ ನೂರು ಮಂದಿಯಲ್ಲಿ 27 ಮಂದಿಗೆ ಎಚ್‌ಐವಿ ಸೋಂಕಿತ್ತು. ಮಗಳನ್ನೋ ಅಳಿಯನನ್ನೋ ಮಣ್ಣುಮಾಡಿ ಬಂದು ಮೊಮ್ಮಕ್ಕಳನ್ನು ಸಾಕಿದವರು ಅಲ್ಲಿನ ಗೋಗೋಗಳು, ಅಂದರೆ ಅಜ್ಜಿಯರು. ತಮ್ಮ ಪಿಂಚಣಿಯಲ್ಲೇ ಇಡೀ ಮನೆ ನಡೆಸಿದವರು ಅವರಲ್ಲಿ ಎಷ್ಟೋ ಮಂದಿ. ಅವರ ಫೋಟೋ ಯಾವ ತಂಡದ ವರದಿಯಲ್ಲೂ ಸ್ವಯಂಸೇವಕರು ಎಂದು ಅಚ್ಚಾಗುವುದಿಲ್ಲ. ನನಗೆ ತೀರ ನೋವಾಗುವುದು ಇಲ್ಲೇ.

ಇದೇ ಪ್ರಾಂತ್ಯದ ಟುಗೆಲಾ ಫೆರಿ ಎಂಬ ಊರನ್ನು ನೋಡಿ. ಸ್ಕಾಟ್ಲೆಂಡಿನ ಮಿಷನರಿಗಳು ಕಟ್ಟಿದ ಆಸ್ಪತ್ರೆ ಅಲ್ಲಿದೆ. ಸರ್ಕಾರದ ಕೈಗೆ ಹೋದ ಮೇಲೂ ಚರ್ಚ್ ಆಫ್ ಸ್ಕಾಟ್ಲೆಂಡ್ ಎಂಬ ಹೆಸರು ಉಳಿದುಕೊಂಡಿತು. ಹೆಚ್ಚುಕಡಿಮೆ ಯಾವ ಔಷಧಕ್ಕೂ ಬಗ್ಗದ ಕ್ಷಯ ಅಲ್ಲಿ ಕಾಣಿಸಿಕೊಂಡದ್ದು 2006ರಲ್ಲಿ ಜಗತ್ತಿಗೆ ತಿಳಿಯಿತು. ಮೊದಲು ವರದಿಯಾದ 53 ರೋಗಿಗಳಲ್ಲಿ 52 ಮಂದಿ ಸತ್ತರು. ಇಂಥ ರೋಗಕ್ಕೆ ತಿಂಗಳುಗಟ್ಟಲೆ ಔಷಧ ಬೇಕು, ಬಾಗಿಲು ಬಾಗಿಲಿಗೆ ಹೋಗಿ ಮಾತ್ರೆ ನುಂಗಿದರೋ ಇಲ್ಲವೋ ಎಂದು ವಿಚಾರಿಸುವವರು ಬೇಕು. ಜುಲು ಮಾತು ಬಾರದೆ, ಯಾವ ಮನೆಗೆ ಯಾವ ದಾರಿ ಎಂದು ತಿಳಿಯದೆ, ಎರಡು ವಾರಕ್ಕೆ ಬಂದವರಿಂದ ಅದು ಸಾಧ್ಯವೇ? ಅವರು ತಂದ ಹಣದಿಂದ ಅದೇ ಊರಿನ ಒಬ್ಬ ಆರೋಗ್ಯ ಕಾರ್ಯಕರ್ತೆಗೆ ಸಂಬಳ ಕೊಡಬಹುದು. ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಹುಡುಕುವವರಲ್ಲಿ ಮೂರರಲ್ಲೊಬ್ಬರಿಗೆ ಕೆಲಸವಿಲ್ಲ. ಅಂಥ ಕಡೆ ವಿಮಾನ ಹತ್ತಿ ಬಂದು ಪುಕ್ಕಟೆ ಗೋಡೆ ಕಟ್ಟಿದರೆ, ಊರಿನ ಗಾರೆಯವನ ಕೂಲಿ ತಪ್ಪುತ್ತದೆ.

ಗೋಡೆ ಸೊಟ್ಟಗಾದರೆ ಕೆಡವಿ ಕಟ್ಟಬಹುದು. ಮಕ್ಕಳ ವಿಷಯ ಹಾಗಲ್ಲ. ಏಡ್ಸ್‌ನಿಂದ ಅನಾಥರಾದ ಮಕ್ಕಳ ಆಶ್ರಮಗಳಿಗೆ ಬರುವ ಪ್ರವಾಸಿ ಸ್ವಯಂಸೇವಕರ ಬಗ್ಗೆ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಬರೆದ ಲೇಖನ ಈ ಮಾತನ್ನು ಬಿಚ್ಚಿ ಹೇಳಿತು: ಬಂದವರು ಎತ್ತಿ ಆಡಿಸುತ್ತಾರೆ, ಮಗು ಹಚ್ಚಿಕೊಳ್ಳುತ್ತದೆ, ಅವರು ಹೊರಟುಹೋಗುತ್ತಾರೆ, ಮತ್ತೊಂದು ತಂಡ ಬರುತ್ತದೆ. ಆಗಲೇ ತಂದೆತಾಯಿಯನ್ನು ಕಳೆದುಕೊಂಡ ಮಗುವಿಗೆ ಕಳೆದುಕೊಳ್ಳುವುದೇ ಅಭ್ಯಾಸವಾಗುತ್ತದೆ. ಹೋದವರ ಮನಸ್ಸಿನಲ್ಲಿದ್ದದ್ದು ಪ್ರೀತಿಯೇ ಎಂಬುದು ಇಲ್ಲಿ ಸಮಾಧಾನವಾಗಲಾರದು. ಆಶ್ರಮದ ಮಕ್ಕಳನ್ನು ಆಟವಾಡಿಸುವ ಕಾರ್ಯಕ್ರಮವನ್ನು ಚರ್ಚುಗಳು ಈಗಲೇ ಕೈಬಿಡಬೇಕು. ಇದರಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ.

ಹಾಗಾದರೆ ಹೋಗಲೇಬಾರದೇ? ಚಿಂತಕ ಇವಾನ್ ಇಲ್ಲಿಚ್ 1968ರಲ್ಲಿ, ಮೆಕ್ಸಿಕೋಗೆ ಸೇವೆಗೆಂದು ಹೊರಡುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ, ನೆರವಿನ ಹೆಸರಿನಲ್ಲಿ ಬರಬೇಡಿ ಎಂದು ವಾದಿಸಿದರು. ಆ ಮಾತಿನ ಸಿಟ್ಟು ನನಗೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಲಾರೆ. ಒಂದು ಸಭೆಯವರು ಇನ್ನೊಂದು ಸಭೆಯವರನ್ನು ಕಂಡುಬರುವುದು ಕ್ರೈಸ್ತರಲ್ಲಿ ಅಪೊಸ್ತಲರ ಕಾಲದಿಂದ ನಡೆದುಬಂದದ್ದು. ಅದರ ಬೆಲೆಯನ್ನು ಕಟ್ಟಿದ ಗೋಡೆಯ ಉದ್ದದಿಂದ ಅಳೆಯಲಾಗದು. ನಟಾಲಿನ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವೂ ಇದೆ.

ನಟಾಲಿನ ಮೊದಲ ಆಂಗ್ಲಿಕನ್ ಬಿಷಪ್ ಜಾನ್ ಕೊಲೆನ್ಸೊ 1854ರಲ್ಲಿ ಅಲ್ಲಿಗೆ ಹೋಗಿ, ಹತ್ತು ವಾರ ಸುತ್ತಾಡಿ, ಹಣ ಕೂಡಿಸಲು ಇಂಗ್ಲೆಂಡಿಗೆ ಮರಳಿ, ಆ ಹತ್ತು ವಾರಗಳ ಬಗ್ಗೆ ಪುಸ್ತಕವನ್ನೂ ಬರೆದರು. ಅಲ್ಲಿಗೇ ನಿಂತಿದ್ದರೆ ಅವರ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಮರುವರ್ಷ ಸಂಸಾರ ಸಮೇತ ಬಂದರು. ಜುಲು ಭಾಷೆಯ ವ್ಯಾಕರಣ, ನಿಘಂಟು ಸಿದ್ಧಪಡಿಸಿದರು. ಬೈಬಲ್ ಅನುವಾದದಲ್ಲಿ ಜೊತೆಗಿದ್ದ ವಿಲಿಯಂ ಎನ್‌ಗಿಡಿ, ನೋಹನ ಪ್ರಳಯದ ಕಥೆ ನಿಜವಾಗಿಯೂ ನಡೆದದ್ದೇ, ಎಲ್ಲ ದೇಶದ ಪ್ರಾಣಿಗಳೂ ನಾವೆಗೆ ಬಂದವೇ ಎಂದು ಕೇಳಿದಾಗ ಬಿಷಪರಿಗೆ ಹೌದೆನ್ನಲು ಮನಸ್ಸಾಗಲಿಲ್ಲ. ಕಲಿಸಲು ಬಂದವರು ತಮ್ಮ ಧರ್ಮಗ್ರಂಥವನ್ನೇ ಹೊಸದಾಗಿ ಓದಿದರು. 1862ರಿಂದ ಹೊರಬಂದ ಅವರ ಗ್ರಂಥದಿಂದ ಇಂಗ್ಲೆಂಡಿನ ಚರ್ಚು ಕಂಗೆಟ್ಟಿತು, ಮರುವರ್ಷ ಪಾಷಂಡ ಮತದ ಆರೋಪದ ಮೇಲೆ ವಿಚಾರಣೆಯೂ ನಡೆಯಿತು. ಹ್ಲುಬಿ ಜನರ ಮುಖ್ಯಸ್ಥ ಲಂಗಲಿಬಲೇಲೆಯನ್ನು 1874ರಲ್ಲಿ ಅನ್ಯಾಯವಾಗಿ ಶಿಕ್ಷಿಸಿದಾಗ ಕೊಲೆನ್ಸೊ ಆತನ ಪರ ನಿಂತು, ಬಿಳಿಯರ ಸ್ನೇಹವನ್ನೆಲ್ಲ ಕಳೆದುಕೊಂಡರು. ಜುಲುಗಳು ಅವರನ್ನು ಜನರ ತಂದೆ ಎಂದು ಕರೆದದ್ದು ಅವರು ಕೊಟ್ಟ ಉಡುಗೊರೆಗಳಿಗಾಗಿ ಅಲ್ಲ.

ಎಲ್ಲರೂ ಕೊಲೆನ್ಸೊ ಆಗಬೇಕಿಲ್ಲ, ಮೂವತ್ತು ವರ್ಷ ಉಳಿಯಬೇಕಿಲ್ಲ. ಆದರೆ ಎನ್‌ಗಿಡಿಯ ಪ್ರಶ್ನೆಗೆ ಕಿವಿಗೊಡುವುದು ಎರಡು ವಾರದಲ್ಲೂ ಆಗುವ ಕೆಲಸ. ಯಾವ ಕೆಲಸ ಆಗಬೇಕು, ಯಾವುದು ಬೇಡ ಎಂದು ಊರಿನ ಪಾಸ್ಟರರು, ಮಾನ್ಯಾನೋದ ಹೆಂಗಸರು ಹೇಳಲಿ. ಬಂದವರು ಅವರ ಹಿಂದೆ ಹೋಗಲಿ; ರೋಗಿಯ ಮನೆಯಲ್ಲಿ ಅವರು ಕೂರು ಎಂದಲ್ಲಿ ಕೂರಲಿ. ಇದರಿಂದ ತೋರಿಸಲು ಕಟ್ಟಡವಿಲ್ಲದೆ ಹೋಗಬಹುದು, ದಾನಿಗಳಿಗೆ ಬೇಸರವೂ ಆಗಬಹುದು. ಆಗಲಿ.

ಇನ್ನೊಂದು ಮಾತನ್ನು ಚರ್ಚುಗಳು ಗಂಭೀರವಾಗಿ ಯೋಚಿಸಬೇಕು. ಈ ಪ್ರಯಾಣ ಯಾಕೆ ಹೆಚ್ಚಾಗಿ ಒಂದೇ ದಿಕ್ಕಿಗೆ? ನಟಾಲಿನ ಗ್ರೌಟ್‌ವಿಲ್ ಮಿಷನ್ ಹಳ್ಳಿಯ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಲುತುಲಿ, ಮುಂದೆ 1960ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, 1938ರಲ್ಲಿ ಮದ್ರಾಸಿನ ತಾಂಬರಂಗೆ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನಕ್ಕೆ ಬಂದಿದ್ದರು. ಹತ್ತು ವರ್ಷದ ನಂತರ ಅಮೆರಿಕಕ್ಕೆ ಹೋಗಿ ಅಲ್ಲಿನ ಸಭೆಗಳ ಎದುರು ತಮ್ಮ ನಾಡಿನ ಮಿಷನ್ ಕೆಲಸದ ಬಗ್ಗೆ ಮಾತಾಡಿದರು. ಹದಿನೈದು ಯುವಕರ ತಂಡವೊಂದರ ಟಿಕೆಟ್ಟಿಗೆ ಕೂಡಿಸುವ ಹಣದ ಒಂದು ಪಾಲು ತೆಗೆದಿಟ್ಟರೆ, ಗುರುವಾರದ ಸಂಘದ ಇಬ್ಬರು ಹೆಂಗಸರು ಅದೇ ಯುವಕರ ಊರಿಗೆ ಬಂದು, ಅಲ್ಲಿ ಒಂಟಿಯಾಗಿ ಮುಪ್ಪು ಕಳೆಯುತ್ತಿರುವವರ ಮನೆಗಳಿಗೆ ಅವರನ್ನು ಕರೆದುಕೊಂಡು ಹೋಗಬಹುದು.