ಬಣವೆ ಮೇಲಿನ ಆಕಾಂಕ್ಷಿ

ಓದಲೆಂದು ಗ್ಲಾಸ್ಗೋಗೆ ಹೋಗಿದ್ದ ನನ್ನ ತಂಗಿಯ ಮಗ 2022ರ ಮೇ 5ರ ಗುರುವಾರ ಫೋನ್ ಮಾಡಿ, ‘ಮಾವ, ಈಗಷ್ಟೇ ಓಟು ಹಾಕಿ ಬಂದೆ’ ಅಂದ. ನಾನು ಕೂಡ್ಲಿಗಿಯ ನಮ್ಮ ಮನೆ ಕಟ್ಟೆಯ ಮೇಲೆ ಕರೆಂಟು ಹೋಗಿ ಗಾಳಿಗೆ ಕೂತಿದ್ದೆ. ‘ಅಲ್ಲಿ ನಿನಗೆ ಯಾರಪ್ಪಾ ಓಟು ಕೊಟ್ಟೋರು?’ ಅಂದೆ. ಕಾಮನ್‌ವೆಲ್ತ್ ದೇಶದೋರಿಗೆ ಇಲ್ಲಿ ಓಟೈತ್ರಿ, ಪಟ್ಟಿಗೆ ಹೆಸರು ಸೇರಿಸಿದ್ರ ಆತು ಅಂತ ಅವನ ಉತ್ತರ. ಹೋಗಿ ಎಂಟು ತಿಂಗಳಾಗಿತ್ತು, ಅಷ್ಟೇ.

ಅವನು ಹಾಕಿದ್ದು ಪಾರ್ಲಿಮೆಂಟಿನ ಓಟಲ್ಲ. ಕಸ, ಬೀದಿ, ಶಾಲೆ, ಗ್ರಂಥಾಲಯ ನೋಡಿಕೊಳ್ಳುವ ಗ್ಲಾಸ್ಗೋ ನಗರ ಕೌನ್ಸಿಲ್‌ನದು. ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳಿಗೂ ಅವತ್ತೇ ಚುನಾವಣೆ. ಫೋನ್ ಇಟ್ಟ ಮೇಲೆ ಮೇಷ್ಟ್ರ ಚಾಳಿಯಂತೆ ಲೆಕ್ಕ ಹಾಕಿದೆ. ನಮ್ಮಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಕಡೆಯ ಸಲ ಮತ ಬಿದ್ದದ್ದು 2016ರ ಫೆಬ್ರುವರಿಯಲ್ಲಿ. ಆಗ ಹುಡುಗನಿಗೆ 17. ಮುಂದಿನದು 2021ರಲ್ಲಿ ಬರಬೇಕಿತ್ತು, ಬರಲಿಲ್ಲ. ಹೀಗಾಗಿ ನಮ್ಮ ಹುಡುಗ ಹಾಕಿದ ಮೊದಲ ಜಿಲ್ಲಾ ಮಟ್ಟದ ಓಟು ಗ್ಲಾಸ್ಗೋದವರ ಪಾಲಾಯಿತು.

ಇಡೀ ರಾಜ್ಯದಲ್ಲಿ ಈ ಚುನಾವಣೆ ನಿಂತಿದೆ, ನಿಜ. ಆದರೆ ನಮ್ಮ ವಿಜಯನಗರ ಜಿಲ್ಲೆಯ ಕತೆ ಬೇರೆ. ಜಿಲ್ಲೆಯ ಅಧಿಸೂಚನೆ ಹೊರಟಿದ್ದು 2021ರ ಫೆಬ್ರುವರಿಯಲ್ಲಿ. ಹಳೆಯ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಕೂಸು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಬೇರೆ ಜಿಲ್ಲೆಯವರು ‘ನಮ್ಮ ಹಿಂದಿನ ಸದಸ್ಯ’ ಅಂತ ಬೈಯುವುದಕ್ಕಾದರೂ ಒಬ್ಬರನ್ನು ಇಟ್ಟುಕೊಂಡಿದ್ದಾರೆ. ವಿಜಯನಗರ ಜಿಲ್ಲಾ ಪಂಚಾಯಿತಿಗೆ ನಾನಿದನ್ನು ಬರೆಯುವವರೆಗೆ ಒಬ್ಬ ಸದಸ್ಯನೂ ಆರಿಸಿ ಬಂದಿಲ್ಲ. ಹೊಸಪೇಟೆಯಲ್ಲಿ ಕಚೇರಿ ಇದೆ, ಸಿಇಒ ಇದ್ದಾರೆ, ಜೀಪುಗಳಿವೆ, ಕಡತಗಳಿವೆ.

ಕೊಟ್ಟೂರಿನವರದು ಇನ್ನೊಂದು ಬಗೆ. ಅವರೂರು ತಾಲ್ಲೂಕಾದದ್ದೇ 2016ರ ಚುನಾವಣೆ ಆದಮೇಲೆ, ನಮ್ಮ ಕೂಡ್ಲಿಗಿಯಿಂದ ಸಿಡಿದು. ಕೊಟ್ಟೂರು ತಾಲ್ಲೂಕು ಪಂಚಾಯಿತಿ ಎಂಬ ಹೆಸರಿಗೆ ಯಾರೂ ಒಂದು ಓಟೂ ಹಾಕಿಲ್ಲ. ಹರಪನಹಳ್ಳಿಯವರಂತೂ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿ, ಕೂತು ಉಸಿರು ಬಿಡುವಷ್ಟರಲ್ಲಿ ವಿಜಯನಗರಕ್ಕೆ ಬಂದರು. 2016ರಲ್ಲಿ ಅವರು ಆರಿಸಿದ್ದು ದಾವಣಗೆರೆ ಜಿಲ್ಲಾ ಪಂಚಾಯಿತಿಗೆ. ಮೂರು ಜಿಲ್ಲೆ ಕಂಡ ಆ ತಾಲ್ಲೂಕಿನ ಮತದಾರನಿಗೆ ಈಗಿನ ಜಿಲ್ಲೆಯಲ್ಲಿ ಮಾತ್ರ ಜಿಪಂ ಬೂತು ಕಂಡಿಲ್ಲ.

ನಾನು ಮೊದಲ ಓಟು ಹಾಕಿದ್ದು 1987ರ ಜನವರಿಯಲ್ಲಿ. ಆಗ ನನಗೆ 19. ಲೋಕಸಭೆಗಾದರೆ 21 ತುಂಬಬೇಕಿತ್ತು. ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ 18ಕ್ಕೇ ಓಟು ಕೊಟ್ಟಿತ್ತು. ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮನುಷ್ಯ. ಸಜ್ಜೆ, ಶೇಂಗಾ ಬಿಟ್ಟರೆ ಮುಗಿಲು ನೋಡುವ ನಮ್ಮ ಸೀಮೆಗೆ ಆ ಹೆಸರು ಮರೆಯುವಂಥದ್ದಲ್ಲ. ಹೆಣ್ಣುಮಕ್ಕಳಿಗೆ ನಾಲ್ಕರಲ್ಲೊಂದು ಪಾಲು, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಪಾಠ ಮಾಡಲು ಓದುವಾಗ. ಅವತ್ತು ಗೊತ್ತಿದ್ದದ್ದು ಇಷ್ಟೇ: ನಮ್ಮಪ್ಪನ ಹಿಂದೆ ಸಾಲಲ್ಲಿ ನಿಂತಿದ್ದೆ, ಬೆರಳಿಗೆ ಶಾಯಿ ಹತ್ತಿತ್ತು, ಮನೆಗೆ ಬಂದು ಅದನ್ನು ಅವ್ವನಿಗೆ ತೋರಿಸಿದ್ದೆ.

ಸಮಾಜ ವಿಜ್ಞಾನದ ಮೇಷ್ಟ್ರಾಗಿ ಎಷ್ಟು ಸಲ ಕಪ್ಪುಹಲಗೆಯ ಮೇಲೆ ಮೂರು ಮೆಟ್ಟಿಲು ಬರೆದಿದ್ದೇನೋ: ಕೆಳಗೆ ಗ್ರಾಮ, ನಡುವೆ ತಾಲ್ಲೂಕು, ಮೇಲೆ ಜಿಲ್ಲೆ. ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು, ಸಂವಿಧಾನದ 243ಇ ವಿಧಿ. ಈಗ ಮೇಲಿನವೆರಡೂ ಸುಣ್ಣದ ಗೀಟು.

ಸದಸ್ಯ ಇದ್ದರೆ ಏನು, ಇಲ್ಲದಿದ್ದರೆ ಏನು ಅಂತ ಕೇಳುವವರಿಗೆ ಒಂದು ಶಾಲೆಯ ಚಾವಣಿಯ ಸಂಗತಿ ಹೇಳುತ್ತೇನೆ. ಊರ ಹೆಸರು ಬೇಡ. ನಾನಲ್ಲಿದ್ದಾಗ ಒಂದು ಮಳೆಗಾಲ ಎರಡು ಕೋಣೆಗಳ ಆರ್‌ಸಿಸಿ ಚಕ್ಕೆ ಉದುರಿ ಕಬ್ಬಿಣ ಕಾಣತೊಡಗಿತು. ಜಿಪಂ ಸದಸ್ಯರ ಮನೆಗೆ ಬೆಳಿಗ್ಗೆ ಆರಕ್ಕೆ ಹೋದೆ. ಆ ಹೊತ್ತಿಗೆ ಅವರು ಎಮ್ಮೆ ಹಿಂಡಲು ಹೊರಗೆ ಬರಲೇಬೇಕೆಂದು ಗೊತ್ತಿತ್ತು. ಚೊಂಬು ಕೆಳಗಿಡದೆ ಬೈದರು: ‘ಏನ್ರೀ ಮೇಷ್ಟ್ರ, ಓಟಿನಾಗ ನಮಗೆ ಹಾಕಿದ್ರೇನು ನೀವು?’ ಬೈಸಿಕೊಂಡು ಬಂದೆ. ಎರಡು ಸಾಮಾನ್ಯ ಸಭೆ ಕಳೆದವು. ಮೂರನೆಯದರಲ್ಲಿ ಅವರು ಎದ್ದು ಕೂಗಾಡಿದರಂತೆ, ಕ್ರಿಯಾ ಯೋಜನೆಯಲ್ಲಿ ಶಾಲೆಯ ಹೆಸರು ಸೇರಿತು, ದುರಸ್ತಿ ಆಯಿತು. ಗುತ್ತಿಗೆದಾರ ಅವರ ಅಳಿಯನೇ ಅಂತ ಊರಲ್ಲಿ ಮಾತು. ಇದ್ದಿರಬಹುದು. ಕೋಣೆ ಮಾತ್ರ ಸೋರಲಿಲ್ಲ.

ಹತ್ತು ವರ್ಷದ ಮೇಲೆ ಅದೇ ಶಾಲೆಯ ಅಡುಗೆಕೋಣೆಯ ಚಾವಣಿ ಕೂತಿದೆ. ಈಗಿರುವ ಮೇಷ್ಟ್ರು ನನ್ನ ಶಿಷ್ಯ. ಎಂಜಿನಿಯರ್ ಹತ್ತಿರ ಹೋದರೆ ಅಂದಾಜು ಪಟ್ಟಿ ಮೇಲೆ ಹೋಗಿದೆ ಅಂತಾರೆ, ಮೇಲೆ ಹೋದರೆ ಮನವಿ ಕೊಟ್ಟು ಹೋಗಿ ಅಂತಾರೆ, ಶಾಸಕರ ಪಿಎ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಯಾರೂ ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಎಮ್ಮೆ ಹಿಂಡಲು ಹೊರಗೆ ಬರುವವರು ಅವರಲ್ಲಿ ಯಾರೂ ಇಲ್ಲ.

ಚುನಾವಣೆ ಯಾಕೆ ಆಗಲಿಲ್ಲ ಎಂಬುದು ಗುಟ್ಟೇನಲ್ಲ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆ ತಿದ್ದಿ ಆ ಅಧಿಕಾರವನ್ನೇ ಕಿತ್ತು, ಬೇರೆ ಸೀಮಾ ನಿರ್ಣಯ ಆಯೋಗದ ಕೈಗೆ ಕೊಟ್ಟಿತು. ಚುನಾವಣಾ ಆಯೋಗ ಹೈಕೋರ್ಟ್ ಮೆಟ್ಟಿಲು ಹತ್ತಿತು. 2022ರ ಡಿಸೆಂಬರ್‌ನಲ್ಲಿ ತಡ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಬಿತ್ತು. 2023ರಲ್ಲಿ ಕಾಂಗ್ರೆಸ್ ಬಂತು. ಅಧಿಕಾರ ವಿಕೇಂದ್ರೀಕರಣದ ಭಾಷಣ ಚೆನ್ನಾಗಿ ಮಾಡುವ ಪಕ್ಷ. ದಂಡ ಕಟ್ಟಿದ ಸರ್ಕಾರ ಹೋಗಿ ಇನ್ನೊಂದು ಬಂದರೂ ಬೂತಿನ ಬಾಗಿಲು ತೆರೆಯಲಿಲ್ಲ. ಒಂದು ಪಕ್ಷದ ತಪ್ಪಾಗಿದ್ದರೆ ಇನ್ನೊಂದು ಪಕ್ಷ ಬಿಡುತ್ತಿತ್ತೇ? ವಿಧಾನಸಭೆಯಲ್ಲಿ ಎಲ್ಲಕ್ಕೂ ಜಗಳಾಡುವವರು ಇದೊಂದರಲ್ಲಿ ಅಣ್ಣತಮ್ಮಂದಿರು.

ನನ್ನ ಅನುಮಾನ ಸರಳ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರದೇ ಗದ್ದುಗೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ, ಗಣಿ ಬಾಬ್ತಿನ ಹಣ, ಕೆರೆ ತುಂಬಿಸುವ ಯೋಜನೆಯ ಹಣ, ಎಲ್ಲಕ್ಕೂ ಅವರ ಮಾತು ನಡೆಯುತ್ತದೆ. ಅದೇ ಸಭೆಯಲ್ಲಿ ನಾಲ್ಕೈದು ಜನ ಜಿಪಂ ಸದಸ್ಯರು ಕೂತು ‘ನಮ್ಮೂರಿನ ಪಾಲೆಷ್ಟು?’ ಅಂತ ಕೇಳುವುದು ಯಾವ ಶಾಸಕರಿಗೆ ಬೇಕು? ಮೇಲಾಗಿ ಇವತ್ತಿನ ಜಿಪಂ ಸದಸ್ಯ ನಾಳೆ ವಿಧಾನಸಭೆಗೆ ಟಿಕೆಟ್ ಕೇಳುವವನು. ಹಾಗಂತ ನಷ್ಟವೇನು ಕಡಿಮೆಯೇ? ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ಈ ಎರಡು ಹಂತದ ಪಾಲು ಬರಬೇಕಾದರೆ ಆರಿಸಿ ಬಂದ ಸದಸ್ಯರಿರಬೇಕು.

ಸ್ಕಾಟ್ಲೆಂಡಿನವರು ಜಾಣರು, ನಾವು ದಡ್ಡರು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಅವತ್ತು ಅರ್ಧದಷ್ಟು ಮತದಾರರೂ ಬೂತಿಗೆ ಬಂದಿರಲಿಲ್ಲ. ದ್ವೀಪಗಳ ಕಡೆ ಸ್ಪರ್ಧೆಯೇ ಇಲ್ಲದೆ ಮುಗಿದ ವಾರ್ಡುಗಳೂ ಇದ್ದವು. ನಮ್ಮಲ್ಲಿ 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಗೆ, ಕೊರೊನಾ ಕಾಲದಲ್ಲೂ, ನೂರಕ್ಕೆ ಎಂಬತ್ತರಷ್ಟು ಜನ ಬಂದರು. ಗುಳೆ ಹೋದವರನ್ನು ಬೆಂಗಳೂರಿನಿಂದ, ಕಾಫಿ ಸೀಮೆಯಿಂದ ಗಾಡಿ ಮಾಡಿ ಕರೆಸಿದರು. ಬರುವ ಜನ ಇರುವಲ್ಲಿ ಬೂತಿಲ್ಲ, ಬೂತು ಇರುವಲ್ಲಿ ಜನ ಬರುವುದಿಲ್ಲ.

ಸ್ಕಾಟ್ಲೆಂಡಿನವರ ಎಣಿಕೆ ಮಾತ್ರ ನನ್ನನ್ನು ಹಿಡಿದು ಕೂರಿಸಿತು. ಅಳಿಯ ಓಟು ಹಾಕಿದ್ದು ಹಿಲ್‌ಹೆಡ್ ಎಂಬ ವಾರ್ಡಿನಲ್ಲಿ, ಯೂನಿವರ್ಸಿಟಿಯ ಪಕ್ಕ. ಒಂದೇ ವಾರ್ಡಿಗೆ ಮೂವರು ಸದಸ್ಯರು. ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ, ಇಷ್ಟದ ಪ್ರಕಾರ 1, 2, 3 ಅಂತ ಬರೆಯಬೇಕು. 2007ರಿಂದ ಹೀಗೆ. ನಮ್ಮ ಅಳತೆಗೆ ಹೇಳುವುದಾದರೆ, ಕೊಟ್ಟೂರಿನ ತೇರುಬೀದಿಯಂಥ ಒಂದು ವಾರ್ಡಿನಲ್ಲಿ 4,000 ಓಟು ಬಿದ್ದು ಮೂರು ಸ್ಥಾನ ಇವೆ ಅನ್ನಿ. ನಾಲ್ಕರಿಂದ ಭಾಗಿಸಿ ಒಂದು ಕೂಡಿಸಿದರೆ 1,001. ಅಷ್ಟು ಮುಟ್ಟಿದವನು ಗೆದ್ದ. ಅವನಿಗೆ ಹೆಚ್ಚಾಗಿ ಬಿದ್ದದ್ದು ವ್ಯರ್ಥವಾಗದೆ ಎರಡನೆಯ ಇಷ್ಟದವನಿಗೆ ಹರಿಯುತ್ತದೆ, ಒಂದು ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋದ ಹಾಗೆ. ತಳದಲ್ಲಿದ್ದವನು ಹೊರಬಿದ್ದರೆ ಅವನ ಓಟೂ ಹಾಗೇ ಹರಿಯುತ್ತದೆ. ಹಿಲ್‌ಹೆಡ್‌ನಲ್ಲಿ ಗೆದ್ದ ಮೂವರೂ ಮೂರು ಪಕ್ಷದವರು: ಸ್ಕಾಟಿಷ್ ನ್ಯಾಷನಲ್ ಪಾರ್ಟಿ (ಎಸ್‌ಎನ್‌ಪಿ), ಲೇಬರ್, ಗ್ರೀನ್. ಇಡೀ ಗ್ಲಾಸ್ಗೋದ 85 ಸ್ಥಾನಗಳಲ್ಲಿ ಎಸ್‌ಎನ್‌ಪಿಗೆ 37, ಲೇಬರ್‌ಗೆ 36. ಯಾರಿಗೂ ಬಹುಮತವಿಲ್ಲ.

ನಮ್ಮ ಗ್ರಾಮ ಪಂಚಾಯಿತಿ ವಾರ್ಡುಗಳಲ್ಲೂ ಮೂರು, ನಾಲ್ಕು ಸ್ಥಾನ ಇರುತ್ತವೆ. ಆದರೆ ಮತದಾರನಿಗೂ ಅಷ್ಟೇ ಓಟು. ಊರಲ್ಲಿ ದೊಡ್ಡದಾದ ಒಂದು ಗುಂಪು ನಾಲ್ಕನ್ನೂ ಬಾಚಿಕೊಂಡು ಹೋಗುತ್ತದೆ, ಮೀಸಲು ಸ್ಥಾನದಲ್ಲೂ ತನಗೆ ಬೇಕಾದವರನ್ನೇ ಕೂರಿಸುತ್ತದೆ. ನಾನು ಚುನಾವಣಾ ಕರ್ತವ್ಯ ಮಾಡಿದ ಬೂತುಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಸೋತ ಕೇರಿಯವರು ಐದು ವರ್ಷ ನಲ್ಲಿ ನೀರಿಗೆ ಗೆದ್ದ ಕೇರಿಯವರ ಮುಖ ನೋಡಬೇಕು. ಸ್ಕಾಟ್ಲೆಂಡಿನವರಂತೆ 1, 2, 3 ಬರೆಸಿದರೆ ಮೂರನೆಯ ಸ್ಥಾನವಾದರೂ ಆ ಕೇರಿಗೆ ಸಿಕ್ಕೀತು. ಅದು ಮುಂದಿನ ಮಾತು. ಮೊದಲು ಚುನಾವಣೆಯೇ ಆಗಲಿ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನಲ್ಲೂ ಒಂದು ಕಾಲಕ್ಕೆ ‘ಜಿಲ್ಲಾ ಕೌನ್ಸಿಲ್’ಗಳಿದ್ದವು. 1975ರಿಂದ ಒಂಬತ್ತು ಪ್ರಾಂತ್ಯ, ಅವುಗಳ ಕೆಳಗೆ 53 ಜಿಲ್ಲೆ. ಎರಡು ಹಂತ ಬೇಡ ಅನ್ನಿಸಿದಾಗ ಕಾನೂನು ಮಾಡಿ, 1996ರಲ್ಲಿ ಅವನ್ನು ತೆಗೆದೇಬಿಟ್ಟರು. ಸರಿಯೋ ತಪ್ಪೋ, ಎಲ್ಲರೆದುರು ಕೈ ಎತ್ತಿ ಮಾಡಿದ ಕೆಲಸ. ನಮ್ಮ ಸರ್ಕಾರಕ್ಕೂ ಜಿಲ್ಲಾ ಪಂಚಾಯಿತಿ ಬೇಡವಾಗಿದ್ದರೆ ಹಾಗೆ ಹೇಳಬಹುದು. ಸಂವಿಧಾನ ಬಿಡುವುದಿಲ್ಲ ಅಂತ ಗೊತ್ತಿರುವುದರಿಂದ ಹೇಳುವುದಿಲ್ಲ. ಬೋರ್ಡು ಇರಲಿ, ಸಭಾಂಗಣ ಇರಲಿ, ಕುರ್ಚಿಗಳ ಮೇಲೆ ಧೂಳು ಕೂಡಲಿ.

ಜಿಪಂ ಇದ್ದ ಕಾಲ ಬಂಗಾರದ್ದೇನಲ್ಲ. ಹೆಂಡತಿ ಗೆದ್ದರೆ ಗಂಡ ಸಭೆಗೆ ಬರುತ್ತಿದ್ದ. ಅಧ್ಯಕ್ಷರ ಆಯ್ಕೆ ಬಂದರೆ ಸದಸ್ಯರು ವಾರಗಟ್ಟಲೆ ರೆಸಾರ್ಟಿನಲ್ಲಿ ಮಾಯ. ಇಂಥವರನ್ನು ಇಳಿಸಲಿಕ್ಕೂ ಚುನಾವಣೆಯೇ ಬೇಕು. ಆಡಳಿತಾಧಿಕಾರಿಯನ್ನು ಇಳಿಸಲು ನಮ್ಮ ಕೈಯಲ್ಲಿ ಏನಿದೆ?

ನಮ್ಮೂರಿನ ಒಬ್ಬ ಹುಡುಗ, ಅವನೂ ನನ್ನ ಶಿಷ್ಯನೇ, 2021ರ ಯುಗಾದಿಗೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದ. ಕೈ ಮುಗಿದ ಅವನ ಫೋಟೊ, ಮೇಲೆ ಮುಖಂಡರ ತಲೆಗಳು, ಕೆಳಗೆ ‘ಜಿಲ್ಲಾ ಪಂಚಾಯಿತಿ ಆಕಾಂಕ್ಷಿ’. ಅದಕ್ಕೂ ಊಟಕ್ಕೂ ಸಾಲ ಮಾಡಿದ್ದ. ಮೊನ್ನೆ ಅವನ ಹೊಲದ ಹಾದಿಯಲ್ಲಿ ಬರುವಾಗ ಆ ಫ್ಲೆಕ್ಸ್ ಕಂಡಿತು. ಶೇಂಗಾ ಹೊಟ್ಟಿನ ಬಣವೆಯ ಮೇಲೆ ಹೊದಿಸಿ ಕಲ್ಲು ಕಟ್ಟಿದ್ದ. ಮುಗಿದ ಕೈಗಳಷ್ಟೇ ಮೇಲೆ ಕಾಣುತ್ತಿದ್ದವು. ‘ನಿಲ್ತೀಯೇನಪ್ಪಾ ಈ ಸಲ?’ ಅಂದೆ.

‘ಮೀಸಲಾತಿ ರೋಸ್ಟರ್ ಬರಲಿ ಸರ, ನೋಡಾಣ’ ಅಂದ. ಬಣವೆಯ ಕಡೆ ತಿರುಗಿ, ‘ಇದು ಹರದೈತಿ, ಮಳಿ ಬಂದ್ರ ಸೋರತೈತಿ. ಹೊಸಾದೊಂದು ಮಾಡಿಸಬೇಕು’ ಅಂದ.